ಮನೆಯ ಮಾತು: ಆಲ್ಬಮ್ಮನ್ನು ಉಡುಗೊರೆ ಕೊಡುವುದಾದರೆ

ಉಡುಗೊರೆಯ ಮಾತು ಬಂದಾಗಲೆಲ್ಲ ನಮ್ಮ ಸಂಘದ ಸೋದರಿಯರ ಮುಖದಲ್ಲಿ ಒಂದು ಬಗೆಯ ದಣಿವು ಕಾಣಿಸಿಕೊಳ್ಳುತ್ತದೆ. ಮದುವೆ, ಉಪನಯನ, ಗೃಹಪ್ರವೇಶ, ನಾಮಕರಣ, ಷಷ್ಟ್ಯಬ್ದಿ ಎಂದು ವರ್ಷಕ್ಕೆ ಹತ್ತಾರು ಕರೆಯೋಲೆಗಳು. ಪ್ರತಿಯೊಂದಕ್ಕೂ ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡು ಹೋಗಲೇಬೇಕು. ಊರಿನಲ್ಲಾಗಿದ್ದರೆ ಒಂದು ರವಿಕೆ ಕಣ, ಎರಡು ತೆಂಗಿನಕಾಯಿಗಳಲ್ಲಿ ಮುಗಿಯುತ್ತಿದ್ದ ಮರ್ಯಾದೆ ಈ ಪರಸ್ಥಳದಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಕಳೆದ ವರ್ಷ ನಮ್ಮ ಪರಿಚಯದ ದಂಪತಿಗಳು ಹೊಸ ಮನೆ ಹೊಕ್ಕ ದಿನ ಅವರಿಗೆ ಬಂದ ಗೋಡೆ ಗಡಿಯಾರಗಳು ಆರು. “ಒಂದೇ ಮನೆಯಲ್ಲಿ ಆರು ಬಗೆಯ ವೇಳೆ ನೋಡಿಕೊಂಡು ಬಾಳುವುದು ಹೇಗೆ, ಹೇಳಿ?” ಎಂದು ಆ ಗೃಹಿಣಿ ನಮ್ಮನ್ನೇ ಕೇಳಿದರು. ಆರರಲ್ಲಿ ಒಂದು ನಾವು ಕೊಟ್ಟದ್ದಾದುದರಿಂದ ನಾವು ಉತ್ತರ ಹೇಳಲಿಲ್ಲ.

ಆದರೆ ಆ ದಿನ ಅವರಿಗೆ ಇನ್ನೊಂದು ಉಡುಗೊರೆಯೂ ಬಂದಿತ್ತು. ಅದು ಅವರ ತಂಗಿ ಕೊಟ್ಟದ್ದು. ದಪ್ಪ ಕಾಗದದ ಇಪ್ಪತ್ತು ಹಾಳೆಗಳನ್ನು ಸೇರಿಸಿ, ರಟ್ಟಿಗೆ ತಾಯಿಯ ಹಳೆಯ ಇಳಕಲ್ ಸೀರೆಯ ಸೆರಗನ್ನು ಹೊದಿಸಿ ಕಟ್ಟಿದ ಒಂದು ಪುಸ್ತಕ. ಒಳಗೆ ಅಕ್ಕತಂಗಿಯರ ಬಾಲ್ಯದ ಹನ್ನೆರಡೋ ಹದಿನಾಲ್ಕೋ ಫೋಟೋಗಳು, ತಾಯಿ ಬರೆದ ಒಂದು ಅಂಚೆ ಕಾರ್ಡು, ಚಕ್ಕುಲಿ ಹಿಟ್ಟಿನ ಅಳತೆ ಗೀಚಿದ ಒಂದು ಚೀಟಿ, ಶಾಲೆಯ ವಾರ್ಷಿಕೋತ್ಸವದ ಕರೆಯೋಲೆ. ಗಡಿಯಾರಗಳು ಸಂಜೆಯ ಹೊತ್ತಿಗೆ ಮಂಚದ ಕೆಳಗೆ ಸೇರಿದವು. ಈ ಪುಸ್ತಕ ಮಾತ್ರ ಬಂದವರ ಕೈಯಿಂದ ಕೈಗೆ ಹೋಗುತ್ತಲೇ ಇತ್ತು; ಊಟಕ್ಕೆ ಎಲೆ ಹಾಕಿದ ಮೇಲೂ ಇಬ್ಬರು ಮಹನೀಯರು ಅದನ್ನು ಕೆಳಗಿಡಲಿಲ್ಲ.

ಇಂಗ್ಲಿಷ್ ಶಾಲೆಯ ಮಕ್ಕಳು ಇದಕ್ಕೆ ಸ್ಕ್ರಾಪ್‌ಬುಕ್ ಎನ್ನುತ್ತಾರೆ. ಈ ಸಂಚಿಕೆಯಲ್ಲಿ ಅದರ ವಿಷಯವಾಗಿಯೇ ನಾಲ್ಕು ಮಾತು ಆಡೋಣವೆಂದಿದ್ದೇವೆ. ಮಾಡುವ ಬಗೆಯನ್ನೂ ಹೇಳುತ್ತೇವೆ. ಮಾಡಹೊರಟು ನಾವು ಎಡವಿದ್ದನ್ನೂ ಮುಚ್ಚಿಡದೆ ಹೇಳುತ್ತೇವೆ.

ನಮ್ಮ ಮನೆಯ ಹಳೆಯ ಫೋಟೋಗಳಿದ್ದದ್ದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ. ಸಾಗರದಿಂದ ಶಿವಮೊಗ್ಗೆಗೆ, ಶಿವಮೊಗ್ಗೆಯಿಂದ ಮುಂಬಯಿಗೆ, ಮುಂಬಯಿಯಿಂದ ಪುಣೆಗೆ ಸಂಸಾರ ಸಾಗಿದ ಹಾಗೆ ಡಬ್ಬಿಯೂ ಜೊತೆಯಲ್ಲಿ ಸಾಗಿತು. ಎಲ್ಲ ಸೇರಿ ತೊಂಬತ್ತು ಫೋಟೋಗಳಿದ್ದಾವು. ಆಗ ಫೋಟೋ ತೆಗೆಸುವುದೇ ಒಂದು ಸಮಾರಂಭವಲ್ಲವೆ? ಆಗ್ಫಾ ಕ್ಲಿಕ್-೩ರಂಥ ಕ್ಯಾಮೆರಾ ಇದ್ದವರು ಊರಿಗೆ ಒಬ್ಬರೋ ಇಬ್ಬರೋ. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆದಕಾರಣ ಗುಂಡಿ ಒತ್ತುವ ಮೊದಲು ಹತ್ತು ಸಲ ಯೋಚನೆ. ಈಗ ನಮ್ಮ ಮೊಮ್ಮಗಳ ಒಂದು ಹುಟ್ಟುಹಬ್ಬಕ್ಕೆ ನಾನೂರು ಚಿತ್ರಗಳು ಮೊಬೈಲಿನಲ್ಲಿ ಸೇರುತ್ತವೆ. ಎರಡನೆಯ ಸಲ ನೋಡುವವರು ಮಾತ್ರ ಯಾರೂ ಇಲ್ಲ. ಆ ಮೊಬೈಲು ಲೋಕಲ್ ರೈಲಿನಲ್ಲಿ ಒಂದು ದಿನ ಕಳೆದುಹೋಯಿತೆಂದರೆ ನಾನೂರೂ ಹೋದವು. ನಮ್ಮ ಯಜಮಾನರಿಗೆ ಇದು ಆಗಿಯೇ ಆಗಿದೆ.

ಡಬ್ಬಿಯ ತೊಂಬತ್ತರಲ್ಲಿ ಒಂದು ದೊಡ್ಡ ಫೋಟೋ. ೧೯೬೩ರದು. ಮನೆಯೊಂದರ ಮುಂದೆ ಹತ್ತೊಂಬತ್ತು ಜನ. ಮುಂದಿನ ಸಾಲು ಚಾಪೆಯ ಮೇಲೆ, ಹಿಂದಿನ ಸಾಲು ಜಗಲಿಯ ಮೇಲೆ. ಎಡಗಡೆ ಕಂಬ ತಬ್ಬಿಕೊಂಡು ಒಬ್ಬ ಹುಡುಗ, ಬಲಗಡೆ ಕರುವಿನ ಹಗ್ಗ ಹಿಡಿದು ಇನ್ನೊಬ್ಬ. ನಡುವೆ ನಮ್ಮ ಸೋದರತ್ತೆ, ಆಗ ಅವರಿಗೆ ಇಪ್ಪತ್ತೊಂದು, ಮಡಿಲಲ್ಲಿ ಅಣ್ಣನ ಕೂಸನ್ನು ಕೂರಿಸಿಕೊಂಡಿದ್ದಾರೆ. ಆ ಕೂಸು ನಾವೇ. (ಅಂಕಣದ ಪದ್ಧತಿಯಂತೆ ‘ನಾವು’ ಎಂದೆವು, ಇದ್ದದ್ದು ಒಂದೇ ಕೂಸು.)

ಆ ಮನೆ ಈಗ ನೀರಿನಲ್ಲಿದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ಅದರ ಹಿನ್ನೀರಿನಲ್ಲಿ ಮುಳುಗಿದವು. ೧೯೪೮ರಲ್ಲಿ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ಹೊಸ ನೀರಿನಡಿ ಹೋಯಿತೆಂದ ಮೇಲೆ ನಮ್ಮ ಹೆಂಚಿನ ಮನೆಯ ಪಾಡೇನು! ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷ ಆ ಹಳೆಯ ಅಣೆಕಟ್ಟು ತಲೆಯೆತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಮನೆಗಳು ಹಾಗೆ ತಲೆಯೆತ್ತುವುದಿಲ್ಲ. ನಮಗುಳಿದದ್ದು ಈ ಫೋಟೋ ಒಂದೇ. ಆದರೆ ಅದರ ಬೆನ್ನ ಮೇಲೆ ಒಂದಕ್ಷರವೂ ಇಲ್ಲ. ಅಪ್ಪ ಇದ್ದಾಗ ಕೇಳಬಹುದಾಗಿತ್ತು. ನಾವು ಕೇಳಲಿಲ್ಲ, ಅಪ್ಪ ಇದ್ದೇ ಇರುತ್ತಾರಲ್ಲ ಎಂದುಕೊಂಡಿದ್ದೆವು.

೨೦೨೩ರ ಜನವರಿಯಲ್ಲಿ ಅತ್ತೆಗೆ ಸಹಸ್ರಚಂದ್ರದರ್ಶನ ಮಾಡಬೇಕೆಂದು ಠಾಣೆಯಲ್ಲಿರುವ ಅವರ ಮಗ ನಿಶ್ಚಯಿಸಿದಾಗ ನಮಗೆ ಈ ಫೋಟೋ ನೆನಪಾಯಿತು. ಎಂಬತ್ತು ದಾಟಿದ ಹೆಂಗಸಿಗೆ ಏನು ಕೊಡುವುದು? ಸೀರೆಗಳು ಬೀರುವಿನ ತುಂಬ ಇವೆ, ಬೆಳ್ಳಿ ಬೇಡ ಎನ್ನುತ್ತಾರೆ, ಸಿಹಿ ಡಾಕ್ಟರು ಬಿಡಿಸಿದ್ದಾರೆ. ಡಬ್ಬಿಯ ಫೋಟೋಗಳನ್ನೆಲ್ಲ ಒಂದು ಆಲ್ಬಮ್ಮಿಗೆ ಸೇರಿಸಿ ಕೊಡೋಣವೆಂದುಕೊಂಡೆವು.

ಅದೇ ಸಮಯಕ್ಕೆ ನಮ್ಮ ಮೊಮ್ಮಗಳಿಗೆ ಹತ್ತು ತುಂಬಿತು. ಆಕೆಯ ಹುಟ್ಟುಹಬ್ಬಕ್ಕೆ ನಾವು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟೆವು. ಅದರಲ್ಲಿ ಖಾಲಿ ಹಾಳೆಗಳ ಒಂದು ಸಣ್ಣ ಆಲ್ಬಮ್, ಫೋಟೋ ಸಿಕ್ಕಿಸುವ ಕಾಗದದ ಮೂಲೆಗಳ ಒಂದು ಪೊಟ್ಟಣ, ಮೊಂಡು ತುದಿಯ ಕತ್ತರಿ, ಸ್ಕೇಲು, ಮೆತ್ತನೆಯ ಸೀಸದ ಎರಡು ಪೆನ್ಸಿಲು, ಬಣ್ಣಬಣ್ಣದ ಕಾಗದದ ತುಂಡುಗಳು, ಒಂದು ಚಿಕ್ಕ ಅಂಟಿನ ಸೀಸೆ ಇದ್ದವು. ಜೊತೆಗೆ ಒಂದು ಕೆಲಸವನ್ನೂ ಕೊಟ್ಟೆವು: “ಠಾಣೆ ಅಜ್ಜಿಯ ಹತ್ತಿರ ಕೂತು ಈ ಫೋಟೋದಲ್ಲಿರುವವರ ಹೆಸರೆಲ್ಲ ಕೇಳಿ ಬರೆದುಕೋ.” ನಾವು ಕೇಳಿದ್ದರೆ ಅತ್ತೆ “ಅದೆಲ್ಲ ಈಗ ಯಾಕೆ ಬಿಡೆ” ಎಂದು ಮಾತು ಹಾರಿಸುತ್ತಿದ್ದರು. ಮಗು ಕೇಳಿದರೆ ಹಾರಿಸಲಾಗದು. ಈ ಉಪಾಯವನ್ನು ಓದುಗರು ಧಾರಾಳವಾಗಿ ಬಳಸಿಕೊಳ್ಳಬಹುದು.

೨೦೨೨ರ ಆಗಸ್ಟಿನ ಒಂದು ಭಾನುವಾರ, ಹೊರಗೆ ಧೋ ಎಂದು ಮಳೆ. ಅತ್ತೆ ಮಂಚದ ಮೇಲೆ, ಮಗು ಪಕ್ಕದಲ್ಲಿ, ನಡುವೆ ಫೋಟೋ. ನಮ್ಮ ಮೊಮ್ಮಗಳ ಕನ್ನಡ ಅರ್ಧ ಮರಾಠಿ. ಹಿಂದಿನ ಸಾಲಿನ ಮೊದಲನೆಯ ಮುಖದ ಮೇಲೆ ಬೆರಳಿಟ್ಟು, “ಅಜ್ಜಿ, ಹಾ ಕೋಣ?” ಎಂದಳು. ಇವನು ಯಾರು ಎಂದು ಅದರ ಅರ್ಥ.

“ಕೋಣ ಎಲ್ಲಿದೆಯೇ? ಅವರು ನಮ್ಮ ದೊಡ್ಡ ಚಿಕ್ಕಪ್ಪ!” ಎಂದು ಅತ್ತೆ ನಗತೊಡಗಿದರು. ಇಪ್ಪತ್ತು ವರ್ಷ ಠಾಣೆಯಲ್ಲಿದ್ದವರಿಗೆ ಅಷ್ಟು ಮರಾಠಿ ಬಾರದೆ ಏನಿಲ್ಲ, ಬೇಕೆಂದೇ ಹಾಗೆಂದರು. ಆ ಮೇಲೆ ಪ್ರತಿಯೊಂದು ಮುಖಕ್ಕೂ ಅದೇ ಪ್ರಶ್ನೆ, ಅದೇ ನಗೆ.

ಒಂದು ಸಂಗತಿ ನಮಗೆ ಆ ದಿನ ಹೊಸದಾಗಿ ತಿಳಿಯಿತು. ಫೋಟೋದಲ್ಲಿ ಮನೆಯ ಎಡಭಾಗದ ಮಾಡಿಗೆ ಹೆಂಚಿಲ್ಲ. ಬರೀ ಪಕಾಸಿಗಳು ಕಾಣುತ್ತವೆ. ಇಷ್ಟು ವರ್ಷ ನಾವು ಅದನ್ನು ಬಡತನವೆಂದೇ ತಿಳಿದಿದ್ದೆವು. ಮಕ್ಕಳಿಗೂ ಹಾಗೆಯೇ ಹೇಳಿದ್ದೆವು.

“ಬಡತನ ಎಂಥದು ಮಾರಾಯ್ತಿ!” ಎಂದರು ಅತ್ತೆ. “ಆವತ್ತು ಹೆಂಚು ಇಳಿಸ್ತಾ ಇದ್ದರು. ಮಂಗಳೂರು ಹೆಂಚು, ನೀರಿಗೆ ಬಿಡೋಕಾಗುತ್ತಾ? ಅರ್ಧ ಮಾಡು ಇಳಿಸೋ ಹೊತ್ತಿಗೆ ಫೋಟೋದವನು ಬಂದ. ಮನೆ ನಿಂತಿದ್ದಾಗಲೇ ಒಂದು ತೆಗೆದುಬಿಡಿ ಅಂದ ನಿನ್ನ ಅಪ್ಪ. ಇಗೋ, ಇವನೂ ಇವನೂ ಹೆಂಚು ಇಳಿಸೋಕೆ ಬಂದವರು. ಅವರನ್ನೂ ನಿಲ್ಲಿಸಿಕೊಂಡಿವಿ.”

ಹೀಗೆ ಹನ್ನೆರಡು ಹೆಸರುಗಳಾದವು. ಹನ್ನೆರಡರ ಹಿಂದೆಯೂ ಒಂದೊಂದು ಕಥೆ. ಅವು ಮನೆಯ ಮಾತುಗಳು, ಇಲ್ಲಿ ಬರೆಯುವಂತಿಲ್ಲ. ನಾಲ್ಕು ಗಂಟೆಗೆ ಅತ್ತೆ ದಣಿದರು. “ಉಳಿದವರನ್ನು ಮುಂದಿನ ಸಲ ಹೇಳ್ತೀನಿ. ಎಲ್ಲಿಗೆ ಹೋಗ್ತಾರೆ ಅವರು?” ಎಂದರು. ನಾವೂ ಏಳು ಜನ ತಾನೆ, ದೀಪಾವಳಿಗೆ ಬಂದಾಗ ಕೇಳಿದರಾಯಿತು ಎಂದುಕೊಂಡು ಪುಣೆಗೆ ಮರಳಿದೆವು.

ನಾವು ಎಡವಿದ್ದು ಇಲ್ಲಿಯೇ. ಆಗಸ್ಟಿನಿಂದ ದೀಪಾವಳಿಯವರೆಗೆ ನಮಗೆ ಪುರಸೊತ್ತಿರಲಿಲ್ಲವೆಂದಲ್ಲ; ಆ ಪುರಸೊತ್ತನ್ನೆಲ್ಲ ನಾವು ಕಾಗದ ಆರಿಸುವುದರಲ್ಲಿ ಕಳೆದೆವು. ಅಪ್ಪಾ ಬಳವಂತ ಚೌಕಕ್ಕೆ ಎಷ್ಟು ಸಲ ಹೋಗಿಬಂದೆವೋ ಲೆಕ್ಕವಿಲ್ಲ. ಈ ಹಾಳೆ ಚಂದವೋ ಆ ಹಾಳೆಯೋ, ಹೊದಿಕೆಗೆ ಕಸೂತಿಯ ಬಟ್ಟೆಯೋ ಖಣದ ಬಟ್ಟೆಯೋ ಎಂದು ಮೊಮ್ಮಗಳೂ ನಾವೂ ಜಗಳವಾಡಿದೆವು. ದೀಪಾವಳಿಗೆ ಮನೆಗೆ ನೆಂಟರು ಬಂದರು. ಠಾಣೆಗೆ ಹೋಗುವುದು ಮುಂದಕ್ಕೆ ಬಿತ್ತು. ನವೆಂಬರಿನಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಹೋಯಿತು.

ಇಷ್ಟು ಹೇಳಿದ ಮೇಲೆ ಮಾಡುವ ಬಗೆಯನ್ನು ಹೇಳಲು ನಮಗೆ ಸ್ವಲ್ಪ ಸಂಕೋಚವೇ. ಆದರೂ ಆ ಮೂರು ತಿಂಗಳು ಕಲಿತದ್ದು ಉಳಿದವರಿಗಾದರೂ ಉಪಯೋಗಕ್ಕೆ ಬರಲಿ.

ಸಾಮಾನಿಗೆಂದು ಹೆಚ್ಚು ಅಲೆಯಬೇಡಿ. ನಮ್ಮ ಪುಣೆಯವರಿಗೆ ಅಪ್ಪಾ ಬಳವಂತ ಚೌಕವಿದೆ. ಮುಂಬಯಿಯವರಿಗೆ ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯ ಅಬ್ದುಲ್ ರೆಹಮಾನ್ ಬೀದಿ, ಮದರಾಸಿನ (ಈಗ ಚೆನ್ನೈ ಎನ್ನಬೇಕು) ಸೋದರಿಯರಿಗೆ ಜಾರ್ಜ್ ಟೌನಿನ ಆಂಡರ್ಸನ್ ಬೀದಿ, ಹೈದರಾಬಾದಿನವರಿಗೆ ಛತ್ತಾ ಬಜಾರ್, ದಿಲ್ಲಿಯವರಿಗೆ ಚಾವಡಿ ಬಜಾರ್. ಲಗ್ನಪತ್ರಿಕೆಯ ಕಾಗದ ಮಾರುವ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ಒಳ್ಳೆಯ ಕಾಗದದ ತುಂಡುಗಳನ್ನು ಕೇಳಿ ನೋಡಿ. ಅಲಂಕಾರಕ್ಕೆ ಅಷ್ಟೇ ಧಾರಾಳವಾಯಿತು. ಮಿಂಚಿನ ಪುಡಿ, ಥರ್ಮೊಕೋಲಿನ ಹೃದಯಗಳು, ಪ್ಲಾಸ್ಟಿಕ್ ಮುತ್ತು ಇವನ್ನೆಲ್ಲ ಅಂಗಡಿಯವರು ಮುಂದಿಡುತ್ತಾರೆ. ಮಕ್ಕಳು ಆಸೆಪಟ್ಟರೆ ಒಂದು ಪೊಟ್ಟಣ ಕೊಡಿಸಿ, ಆದರೆ ಫೋಟೋ ಇರುವ ಹಾಳೆಗೆ ಬೇಡ. ಉಬ್ಬಿದ ವಸ್ತುಗಳು ಎದುರಿನ ಹಾಳೆಯ ಮುಖವನ್ನು ಒತ್ತಿ ಗಾಯ ಮಾಡುತ್ತವೆ.

ಹಾಳೆಗೆ ವೃತ್ತಪತ್ರಿಕೆಯಂಥ ಅಗ್ಗದ ಕಾಗದ ಸಲ್ಲದು. ಮರದ ತಿರುಳಿನ ಕಾಗದದಲ್ಲಿ ಹುಳಿಯ ಅಂಶ ಉಳಿದಿರುತ್ತದೆ. ಅದು ತಾನೂ ಹಳದಿಯಾಗುತ್ತದೆ, ತನ್ನ ಮೇಲಿರುವ ಫೋಟೋವನ್ನೂ ಕೆಡಿಸುತ್ತದೆ. ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದ ಒಳ್ಳೆಯದು. ಪುಣೆಯ ಕೈಕಾಗದ ಸಂಸ್ಥೆ ೧೯೪೦ರಷ್ಟು ಹಿಂದೆಯೇ ಗಾಂಧೀಜಿಯವರ ಗ್ರಾಮೋದ್ಯೋಗದ ಆಸೆಯಿಂದ ಹುಟ್ಟಿದ್ದು. ಇಂದು ಬೇರೆ ಊರುಗಳ ಖಾದಿ ಭಂಡಾರಗಳಲ್ಲಿಯೂ ಇಂಥ ಕಾಗದ ದೊರೆಯುವುದುಂಟು. ಹಾಳೆ ಹಾಳೆಯ ನಡುವೆ ಬೆನ್ನಿನ ಬದಿಯಲ್ಲಿ ಒಂದು ಬೆರಳಗಲದ ಪಟ್ಟಿಯನ್ನೂ ಸೇರಿಸಿ ಹೊಲಿಯಿರಿ. ಇಲ್ಲದಿದ್ದರೆ ಫೋಟೋ ಸೇರಿದ ಮೇಲೆ ಪುಸ್ತಕ ಹಸಿದ ಮೊಸಳೆಯ ಹಾಗೆ ಬಾಯಿ ತೆರೆದುಕೊಂಡೇ ಇರುತ್ತದೆ. ನಮ್ಮ ಮೊದಲನೆಯದು ಹಾಗಾಯಿತು.

ಫೋಟೋವಿನ ಬೆನ್ನಿಗೆ ಅಂಟು ತಾಗಿಸಲೇಬೇಡಿ. ಮೈದಾ ಗಂಜಿಯ ಅಂಟನ್ನು ಜಿರಲೆಗಳೂ, ಪುಸ್ತಕಗಳಲ್ಲಿ ಸರ್ರನೆ ಓಡುವ ಆ ಬೆಳ್ಳಿ ಬಣ್ಣದ ಹುಳುಗಳೂ ಹಬ್ಬದೂಟದಂತೆ ತಿನ್ನುತ್ತವೆ. ಸೆಲೋಟೇಪು ನಾಲ್ಕಾರು ವರ್ಷಕ್ಕೆ ಕಂದಾಗಿ, ಟೇಪು ಉದುರಿ ಕಲೆ ಮಾತ್ರ ಉಳಿಯುತ್ತದೆ. ಹಿಂದಿನವರ ಕಪ್ಪು ಹಾಳೆಯ ಆಲ್ಬಮ್ಮುಗಳಲ್ಲಿದ್ದ ಮೂಲೆಗಳೇ ಸರಿ. ಅಂಗಡಿಯಲ್ಲಿ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು: ಒಂದೂವರೆ ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಯನ್ನು ತೆಗೆದುಕೊಂಡು, ನಡುವಿನಿಂದ ಎರಡು ತುದಿಗಳನ್ನೂ ಕೆಳಕ್ಕೆ ಮಡಿಚಿದರೆ ಮನೆಯ ಸೂರಿನಂತೆ ತ್ರಿಕೋನವಾಗುತ್ತದೆ, ಮಿಕ್ಕ ಬಾಲಗಳನ್ನು ಕತ್ತರಿಸಿಬಿಡಿ. ಅದರೊಳಕ್ಕೆ ಫೋಟೋದ ಮೂಲೆ ತೂರಿಸಿ, ತ್ರಿಕೋನದ ಬೆನ್ನಿಗೆ ಮಾತ್ರ ಒಂದು ಚುಕ್ಕೆ ಅಂಟು ಹಾಕಿ ಹಾಳೆಗೆ ಕೂರಿಸಿದರಾಯಿತು. ಬೇಕಾದಾಗ ಫೋಟೋ ಹೊರಗೆ ತೆಗೆಯಬಹುದು, ಬೆನ್ನ ಬರಹ ನೋಡಬಹುದು. ಮಕ್ಕಳಿಗೆ ಈ ಮೂಲೆ ಮಡಿಚುವ ಕೆಲಸ ಬಹಳ ಹಿಡಿಸುತ್ತದೆ.

ಬೆನ್ನ ಮೇಲೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೆರೆ ಮುಂಭಾಗದಲ್ಲಿ ಉಬ್ಬಿ ಕಾಣುತ್ತದೆ, ಕೆಲವು ಸಲ ಮಸಿಯೂ ಇಳಿಯುತ್ತದೆ. ಈಗಿನ ನುಣುಪು ಕಾಗದದ ಫೋಟೋಗಳ ಬೆನ್ನಿಗೆ ಪೆನ್ಸಿಲು ಹಿಡಿಯುವುದಿಲ್ಲ. ಅವಕ್ಕೆ ಪಕ್ಕದ ಹಾಳೆಯಲ್ಲಿಯೇ ಬರೆಯಬೇಕು.

೧೯೭೦ರ ದಶಕದಿಂದೀಚೆಗೆ ಮನೆಮನೆಗೂ ಬಂದ ಇನ್ನೊಂದು ಬಗೆಯ ಆಲ್ಬಮ್ ಇದೆ: ಹಾಳೆಯ ಮೇಲೆ ಅಂಟಿನ ಗೆರೆಗಳು, ಮೇಲೆ ಎಳೆದು ಮುಚ್ಚುವ ಪ್ಲಾಸ್ಟಿಕ್ ಪೊರೆ. ಅನುಕೂಲವೆಂದು ನಾವೂ ಕೊಂಡೆವು. ನಮ್ಮ ಮದುವೆಯ ಫೋಟೋಗಳು ಅದರಲ್ಲಿಯೇ ಇದ್ದವು. ಆ ಅಂಟು ಕೆಲವು ಹಾಳೆಗಳಲ್ಲಿ ಒಣಗಿ ಫೋಟೋ ಉದುರಿತು, ಉಳಿದವುಗಳಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಫೋಟೋವನ್ನು ಬಿಡಲೊಲ್ಲದಾಯಿತು. ಕಿತ್ತರೆ ಹರಿಯುತ್ತದೆ. ಮೊದಲು ಹಾಳೆ ಇದ್ದ ಹಾಗೆಯೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಆಮೇಲೆ ಹಲ್ಲಿನ ಸಂದು ಶುಚಿ ಮಾಡುವ, ಮೇಣ ಹಚ್ಚದ ನೂಲನ್ನು ಫೋಟೋದ ಕೆಳಗೆ ಒಂದು ಮೂಲೆಯಿಂದ ತೂರಿಸಿ, ಗರಗಸದಂತೆ ಮೆಲ್ಲಮೆಲ್ಲನೆ ಆಚೀಚೆ ಎಳೆಯುತ್ತ ಬನ್ನಿ. ಒಂದು ಫೋಟೋಗೆ ಕಾಲು ಗಂಟೆ ಹಿಡಿಯಬಹುದು, ಅವಸರ ಕೂಡದು. ನೂಲಿಗೂ ಜಗ್ಗದಿದ್ದರೆ ಬಿಟ್ಟುಬಿಡಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋಗಳನ್ನಂತೂ ಮುಟ್ಟಲೇಬೇಡಿ. ಗಾಜಿನ ಸಮೇತ ಪ್ರತಿ ತೆಗೆಸಿ. ನಮ್ಮ ಮಾವನವರ ಒಂದು ಪಟವನ್ನು ಬಿಡಿಸಹೋಗಿ ಅವರ ಒಂದು ಕಿವಿ ಗಾಜಿನಲ್ಲಿಯೇ ಉಳಿಯಿತು.

ಕಪ್ಪು ಬಿಳುಪಿನ ಹಳೆಯ ಫೋಟೋಗಳು ಗಟ್ಟಿಪಿಂಡಗಳು. ೧೯೭೦, ೮೦ರ ದಶಕಗಳ ಬಣ್ಣದವುಗಳೇ ಮೊದಲು ಹೋಗುವವು. ನೀಲಿ ಹಸಿರು ಮಾಸಿ ಎಲ್ಲರೂ ಕುಂಕುಮದ ನೀರಿನಲ್ಲಿ ಮಿಂದವರಂತಾಗುತ್ತಾರೆ. ಅವಕ್ಕೆ ಮೊದಲು ಪ್ರತಿ ಮಾಡಿಸಿ. ಆಲ್ಬಮ್ಮನ್ನು ಅಟ್ಟಕ್ಕೂ ಏರಿಸಬೇಡಿ, ಮಳೆಗಾಲದಲ್ಲಿ ಬೆವರುವ ಹೊರಗೋಡೆಯ ಕಪಾಟಿನಲ್ಲಿಯೂ ಇಡಬೇಡಿ. ಮುಂಬಯಿ, ಚೆನ್ನೈಗಳಲ್ಲಿ ಬೀರುವಿನ ನಡುವಿನ ಹಂತವೇ ವಾಸಿ.

ಇನ್ನು ಯಾವ ಲಿಪಿಯಲ್ಲಿ ಬರೆಯಬೇಕು ಎಂಬ ಪ್ರಶ್ನೆ. ನಮ್ಮಂಥ ಸಂಸಾರಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಆಲ್ಬಮ್ ಕೊಡುವವರು ಕನ್ನಡ ಓದುತ್ತಾರೆ. ಮುಂದೆ ಅದನ್ನು ತೆರೆಯುವ ಮಕ್ಕಳು ಓದಲಾರರು. ಹಾಗಾದರೆ ಅವರಿಗೆ ತಿಳಿಯುವ ಲಿಪಿಯಲ್ಲಿಯೇ ಬರೆದುಬಿಡೋಣವೆಂದು ನಾವೂ ಮೊದಲು ಯೋಚಿಸಿದ್ದುಂಟು. ನಮ್ಮ ಮೊಮ್ಮಗಳು ಅತ್ತೆ ಹೇಳಿದ್ದನ್ನೆಲ್ಲ ನಾಗರಿಯಲ್ಲಿ ಬರೆದುಕೊಂಡಿದ್ದಳು. ಮನೆಗೆ ಬಂದು ಓದಿಸಿದರೆ ಕೆಳದಿ ‘ಕೇಳದಿ’ ಆಗಿತ್ತು, ಹೊಸನಗರ ‘ಹೋಸನಗರ’, ದೊಡ್ಡಮ್ಮ ‘ದೋಡ್ಡಮ್ಮ’. ಮಗುವಿನ ತಪ್ಪಲ್ಲ; ಮರಾಠಿ, ಹಿಂದಿಗಳ ಬರವಣಿಗೆಯಲ್ಲಿ ನಮ್ಮ ಎ-ಏ, ಒ-ಓಗಳ ಭೇದವಿಲ್ಲ. ಚೆನ್ನೈಯ ಮಕ್ಕಳ ತೊಂದರೆ ಇನ್ನೊಂದು ಬಗೆ: ತಮಿಳಿನಲ್ಲಿ ಎ-ಏ ಇವೆ, ಕ-ಗಗಳಿಗೆ ಒಂದೇ ಅಕ್ಷರ. ಹೈದರಾಬಾದಿನವರು ಅದೃಷ್ಟವಂತರು, ತೆಲುಗು ಓದುವ ಮಗು ನಾಲ್ಕು ದಿನದಲ್ಲಿ ಕನ್ನಡ ಓದುತ್ತದೆ. ಇಂಗ್ಲಿಷಿನಲ್ಲಂತೂ ‘ಳ’ವನ್ನೂ ‘ಲ’ವನ್ನೂ ಬೇರೆ ಮಾಡುವುದೇ ಸಾಧ್ಯವಿಲ್ಲ.

ನಾವು ಕೊನೆಗೆ ಮಾಡಿದ್ದು ಹೀಗೆ. ಮೇಲಿನ ಸಾಲಿನಲ್ಲಿ ಕನ್ನಡ, ದೊಡ್ಡ ಅಕ್ಷರದಲ್ಲಿ, ಬಿಡಿಬಿಡಿಯಾಗಿ. ಕೆಳಗೆ ಸಣ್ಣದಾಗಿ ನಾಗರಿ. ಮೇಲಿನ ಸಾಲನ್ನು ಮೊಮ್ಮಗಳ ಕೈಯಿಂದಲೇ ಬರೆಸಿದೆವು. ಒಂದು ಕಾಗದದಲ್ಲಿ ನಾವು ಬರೆದುಕೊಡುವುದು, ಆಕೆ ಅದನ್ನು ನೋಡಿ ಚಿತ್ರ ಬರೆಯುವಂತೆ ಬರೆಯುವುದು. ‘ಕ್ಷ’ ಬಂದಾಗ ಅರ್ಧ ಗಂಟೆ ಹಿಡಿಯಿತು. ಎಂಟನೆಯ ಹೆಸರಿನ ಹೊತ್ತಿಗೆ ನಾವು ಬರೆದುಕೊಡುವ ಮೊದಲೇ ಕೆಲವು ಅಕ್ಷರಗಳನ್ನು ತಾನೇ ಹಾಕತೊಡಗಿದ್ದಳು. ಪುಸ್ತಕದ ಕನ್ನಡ ಕಲಿ ಎಂದಾಗ ಆಕಳಿಸುತ್ತಿದ್ದ ಮಗು ಇದು.

ಖಾಲಿ ಆಲ್ಬಮ್ಮನ್ನು ಉಡುಗೊರೆ ಕೊಡುವವರಿಗೆ ಒಂದು ಮಾತು. ಹೊಸ ದಂಪತಿಗಳಿಗೆ, ಬಾಣಂತಿಗೆ, ಓದಲು ಬೇರೂರಿಗೆ ಹೋಗುವ ಹುಡುಗನಿಗೆ ಸಾಮಾನಿನ ಪೆಟ್ಟಿಗೆಯೊಂದಿಗೆ ಆಲ್ಬಮ್ ಕೊಡುವುದು ಚೆನ್ನ. ಆದರೆ ಪೂರ್ತಿ ಖಾಲಿ ಕೊಟ್ಟರೆ ಅದು ಖಾಲಿಯಾಗಿಯೇ ಉಳಿಯುತ್ತದೆ. ನಮ್ಮ ಮನೆಯಲ್ಲಿಯೇ ಅಂಥವು ಎರಡಿವೆ. ಮೊದಲನೆಯ ಹಾಳೆಯನ್ನು ನೀವೇ ತುಂಬಿಸಿ ಕೊಡಿ: ಅವರಿಗೆ ಸಂಬಂಧಪಟ್ಟ ಒಂದೇ ಒಂದು ಹಳೆಯ ಫೋಟೋ, ಅದರ ಕೆಳಗೆ ಯಾರು, ಎಲ್ಲಿ, ಯಾವಾಗ ಎಂದು ಮೂರು ಸಾಲು. ಎರಡನೆಯ ಹಾಳೆ ಖಾಲಿ ಕಂಡಾಗ ಕೈ ತಾನಾಗಿ ಮುಂದುವರಿಯುತ್ತದೆ.

ಅತ್ತೆಯ ಆಲ್ಬಮ್ಮನ್ನು ಜನವರಿಯಲ್ಲಿ ಕೊಟ್ಟೆವು. ಶಾಂತಿಯ ಮಂತ್ರಗಳೆಲ್ಲ ಮುಗಿದ ಮೇಲೆ ಅವರನ್ನು ಗಾಲಿಕುರ್ಚಿಯಲ್ಲಿ ಕಿಟಕಿಯ ಬಳಿ ಕೂರಿಸಿ, ಮೊಮ್ಮಗಳು ಹಾಳೆ ತಿರುವುತ್ತ ಹೋದಳು. ೧೯೬೩ರ ಫೋಟೋಗೆ ಎರಡು ಪುಟ ಮೀಸಲಿಟ್ಟಿದ್ದೆವು. ಎಡಗಡೆ ಫೋಟೋ, ಬಲಗಡೆ ಬೆಣ್ಣೆ ಕಾಗದವನ್ನು ಫೋಟೋದ ಮೇಲಿಟ್ಟು ತೆಗೆದ ತಲೆಗಳ ರೇಖಾಚಿತ್ರ, ಪ್ರತಿ ತಲೆಗೂ ಒಂದು ಸಂಖ್ಯೆ, ಕೆಳಗೆ ಸಂಖ್ಯೆಯೆದುರು ಹೆಸರು. ಹನ್ನೆರಡು ಹೆಸರು, ಏಳು ಖಾಲಿ ಗೆರೆ. ಅತ್ತೆ ಬಹಳ ಹೊತ್ತು ನೋಡಿದರು. ಚೆನ್ನಾಗಿದ್ದ ಎಡಗೈಯ ಬೆರಳನ್ನು ಎತ್ತಿ ಕರುವಿನ ಹಗ್ಗ ಹಿಡಿದ ಹುಡುಗನ ಮೇಲಿಟ್ಟು “ಮ… ಮ…” ಎಂದರು. ಮುಂದಿನದು ಬರಲಿಲ್ಲ. ನಾವು ಗೊತ್ತಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿದೆವು, ತಲೆಯಾಡಿಸುತ್ತಲೇ ಹೋದರು. ಕೊನೆಗೆ ಅವರಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮೊಮ್ಮಗಳು “ಇರಲಿ ಅಜ್ಜಿ” ಎಂದು ಹಾಳೆ ತಿರುವಿದಳು.

ಅತ್ತೆ ೨೦೨೪ರಲ್ಲಿ ತೀರಿಕೊಂಡರು. ಅವರ ಮಗ ಆಲ್ಬಮ್ಮನ್ನು ನಮಗೇ ಹಿಂದಕ್ಕೆ ಕೊಟ್ಟು, “ಇದು ಮನೆಯಲ್ಲಿ ಕೂತರೆ ಪ್ರಯೋಜನವಿಲ್ಲ, ಊರು ಸುತ್ತಲಿ” ಎಂದ. ಅಂದಿನಿಂದ ಅದು ಸುತ್ತುತ್ತಿದೆ. ಅಂಚೆಗೆ ಹಾಕುವ ಧೈರ್ಯ ನಮಗಿಲ್ಲ; ಹೋಗಿಬರುವವರ ಕೈಯಲ್ಲಿ ಕಳುಹಿಸುತ್ತೇವೆ, ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇವೆ. ಶಿವಮೊಗ್ಗೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯರು ಕನ್ನಡಕ ಏರಿಸಿ ನೋಡಿ, “ಕಂಬ ತಬ್ಬಿಕೊಂಡಿರೋದು ನಾನೇ! ಪಕ್ಕದ ಮನೆಯವನು. ಫೋಟೋ ಅಂದರೆ ಹೆದರಿಕೆ, ಅದಕ್ಕೇ ಕಂಬ ಹಿಡಕೊಂಡಿದ್ದೆ” ಎಂದರಂತೆ. ಹಿಂದಿನ ಸಾಲಿನ ಹೆಂಗಸೊಬ್ಬರನ್ನು ಅವರ ಮೂಗುಬೊಟ್ಟಿನಿಂದಲೇ ಅವರ ಮಗಳು ಗುರುತು ಹಿಡಿದರು. ಆ ಮೂಗುಬೊಟ್ಟು ಈಗ ಆ ಮಗಳ ಮೂಗಿನ ಮೇಲಿದೆ.

ಹಾಗೆ ಎರಡು ಗೆರೆ ತುಂಬಿ ಐದು ಉಳಿದವು. ಕಳೆದ ತಿಂಗಳು ಹೊಸನಗರದ ಕಡೆಯಿಂದ ವಾಟ್ಸಪ್ಪಿನಲ್ಲಿ ಒಂದು ಒಕ್ಕಣೆ ಬಂತು: ಕರು ಹಿಡಿದ ಹುಡುಗ ಇಂಥವನಿರಬಹುದು ಎಂದು ಒಂದು ಹೆಸರು. ‘ಮ’ದಿಂದಲೇ ಆರಂಭವಾಗುವ ಹೆಸರು. ಆದರೆ ಆ ಸೀಮೆಯಲ್ಲಿ ‘ಮ’ದಿಂದ ಆರಂಭವಾಗುವ ಹುಡುಗರಿಗೇನು ಬರಗಾಲವಿತ್ತೆ? ನಾವು ಅನುಮಾನಿಸುತ್ತಿದ್ದೆವು. ಈಗ ಹದಿಮೂರಾಗಿರುವ ಮೊಮ್ಮಗಳು ನಮ್ಮ ಅನುಮಾನ ಮುಗಿಯುವವರೆಗೆ ಕಾಯಲಿಲ್ಲ. ಮನೆಯ ಪ್ರತಿಯನ್ನು ತೆಗೆದು, ಹದಿನೇಳನೆಯ ಸಂಖ್ಯೆಯ ಎದುರು ಆ ಹೆಸರನ್ನು ಕನ್ನಡದಲ್ಲಿ, ಪೆನ್ಸಿಲಿನಿಂದ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಬರೆದಿದ್ದಾಳೆ.